ಆ್ಯಪ್ ಬರೆಯುವ ಮೊದಲೇ ಗೂಗಲ್‌ನ ಪಾಲು ಲೆಕ್ಕ ಹಾಕುವುದು ಹೇಗೆ?

ಕೆಪಿಎಸ್‌ಸಿ ಪಾಠದ ಆ್ಯಪ್, ಮಕ್ಕಳ ಕಥೆಯ ಆ್ಯಪ್, ಅಡುಗೆ ಆ್ಯಪ್ ಮಾಡಲು ಹೊರಟ ಹಲವರನ್ನು ನೋಡಿದ್ದೇನೆ. ಎಲ್ಲರದ್ದೂ ಒಂದೇ ಎಡವಟ್ಟು. ತಿಂಗಳುಗಟ್ಟಲೆ ಕೂತು ಕೋಡ್ ಬರೆಯುತ್ತಾರೆ, ಲೋಗೋ ಬಣ್ಣಕ್ಕೆ ಜಗಳ ಆಡುತ್ತಾರೆ, ಕೊನೆಯ ವಾರ ಬಂದಾಗ "ದುಡ್ಡು ಹೇಗೆ ತಗೊಳ್ಳೋದು?" ಅಂತ ಕೇಳುತ್ತಾರೆ. ಪ್ಲೇ ಸ್ಟೋರ್ ಅನ್ನೋದು ಗೂಗಲ್‌ನ ಸಂತೆ ಮೈದಾನ. ಸುಂಕ ಎಷ್ಟು, ಯಾವುದರ ಮೇಲೆ ಅಂತ ತಿಳಿಯದೆ ಗಾಡಿ ತುಂಬಿಕೊಂಡು ಹೋದರೆ ಆಮೇಲೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೇ.

1. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಇಡುವವರ ಖಾತೆ ತೆರೆಯಿರಿ. 25 ಡಾಲರ್, ಒಂದೇ ಸಲ. ಆ್ಯಪಲ್ ಆದರೆ ವರ್ಷಕ್ಕೆ 99 ಡಾಲರ್. ನಮ್ಮ ಕಡೆ ಓದುಗರ ಕೈಯಲ್ಲಿರುವುದು ಹೆಚ್ಚಾಗಿ ಆ್ಯಂಡ್ರಾಯ್ಡ್, ಆ್ಯಪಲ್ ಆಮೇಲೆ ನೋಡಿಕೊಳ್ಳಿ.

2. ಏನು ಮಾರುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹೆಚ್ಚಿನವರು ಹಾಳು ಮಾಡಿಕೊಳ್ಳುವುದು ಇಲ್ಲೇ. ಕೈಗೆ ಸಿಗುವ ವಸ್ತು ಮಾರಿದರೆ ಗೂಗಲ್‌ಗೆ ಪಾಲಿಲ್ಲ. ಚನ್ನಪಟ್ಟಣದ ಗೊಂಬೆ, ಉಪ್ಪಿನಕಾಯಿ, ಬಸ್ ಟಿಕೆಟ್, ಪ್ಲಂಬರ್ ಮನೆಗೆ ಬರುವ ಸೇವೆ, ಇವಕ್ಕೆಲ್ಲ ನಿಮ್ಮದೇ ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನಿನಲ್ಲಿ ಹಣ ಪಡೆಯುವ ವ್ಯವಸ್ಥೆ, ಹಾಕಬಹುದು. ಆದರೆ ಫೋನಿನೊಳಗೇ ಮುಗಿದುಹೋಗುವ ಸರಕು ಇದ್ದರೆ ಗೂಗಲ್‌ನ ಬಿಲ್ಲಿಂಗ್ ನಿಯಮ ಅನ್ವಯಿಸುತ್ತದೆ, ಅಂದರೆ ಅದರಲ್ಲಿ ಗೂಗಲ್‌ಗೆ ಪಾಲು ಉಂಟು. ರೆಕಾರ್ಡ್ ಮಾಡಿದ ಪಾಠ, ಇ-ಪುಸ್ತಕ, ಆಟದ ನಾಣ್ಯ, ಜಾಹೀರಾತು ತೆಗೆಸುವ ಆಯ್ಕೆ ಎಲ್ಲ ಈ ಗುಂಪಿಗೆ ಸೇರುತ್ತವೆ.

ತಮಾಷೆ ನೋಡಿ. ಒಂದೇ ಕಥಾಸಂಕಲನವನ್ನು ಅಚ್ಚು ಹಾಕಿ ಪೋಸ್ಟಿನಲ್ಲಿ ಕಳಿಸಿದರೆ ಸುಂಕ ಇಲ್ಲ. ಅದನ್ನೇ ಆ್ಯಪ್ ಒಳಗೆ ಓದಲು ಮಾರಿದರೆ ಸುಂಕ ಉಂಟು. ಹಾಗಾಗಿ ನಿಮ್ಮ ಹಾಳೆಯಲ್ಲಿ ಎರಡು ಕಾಲಂ ಇರಲಿ, ಪ್ರತಿ ಸರಕನ್ನೂ ಯಾವುದಾದರೂ ಒಂದಕ್ಕೆ ಹಾಕಿ. "ಇ-ಪುಸ್ತಕಕ್ಕೂ ಸುಮ್ನೆ ಯುಪಿಐ ಕ್ಯೂಆರ್ ಕೋಡ್ ಹಾಕಿಬಿಡೋಣ, ಯಾರು ನೋಡ್ತಾರೆ" ಎಂಬ ಸಲಹೆ ಕೊಡುವ ಗೆಳೆಯ ಎಲ್ಲರಿಗೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬೇಡಿ. ಆ್ಯಪ್ ತೆಗೆದುಹಾಕಿದರೆ ಪೆಟ್ಟು ಬೀಳುವುದು ನಿಮ್ಮ ಖಾತೆಗೆ, ಅವನದಕ್ಕಲ್ಲ.

3. ಈಗ ಲೆಕ್ಕ. ಮೂಲ ದರ ಶೇ 30. 2021ರ ಜುಲೈಯಿಂದ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಶೇ 15 ಸಾಕು. ಆದರೆ ಇದು ತಾನಾಗೇ ಬರುವುದಿಲ್ಲ! ಪ್ಲೇ ಕನ್ಸೋಲ್‌ನಲ್ಲಿ (ಆ್ಯಪ್ ನಿಭಾಯಿಸಲು ಗೂಗಲ್ ಕೊಡುವ ತಾಣ) ಅಕೌಂಟ್ ಗ್ರೂಪ್ ಮಾಡಿ, ಷರತ್ತು ಒಪ್ಪಿ ಹೆಸರು ನೋಂದಾಯಿಸಬೇಕು. ಇದನ್ನು ಮರೆತು ಶೇ 30 ಕಟ್ಟುವವರಿದ್ದಾರೆ. ಚಂದಾ ಮಾದರಿಗೆ ಮಾತ್ರ 2022ರಿಂದ ಮೊದಲ ದಿನದಿಂದಲೇ ಶೇ 15.

ಇನ್ನೊಂದು ದಾರಿ ಇದೆ. ತನ್ನದೇ ಬಿಲ್ಲಿಂಗ್ ಬಳಸಿ ಎಂದು ಒತ್ತಾಯಿಸಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಅದು 2025ರಲ್ಲಿ ಮೇಲ್ಮನವಿಯಲ್ಲಿ 216.69 ಕೋಟಿಗೆ ಇಳಿಯಿತು, ಆ ಮಾತು ಬೇರೆ. ಇದರ ನಂತರ ಭಾರತದಲ್ಲಿ ಗ್ರಾಹಕನ ಮುಂದೆ ಗೂಗಲ್‌ನ ಬಿಲ್ಲಿಂಗ್ ಜೊತೆಗೆ ನಿಮ್ಮದನ್ನೂ ಇಡಬಹುದು. ಅವನು ನಿಮ್ಮದನ್ನು ಆರಿಸಿದರೆ ಗೂಗಲ್ ಬಿಟ್ಟುಕೊಡುವುದು ಎಷ್ಟು ಗೊತ್ತಾ? ಶೇ 4. ಅಂದರೆ 15 ಇದ್ದದ್ದು 11.

500 ರೂಪಾಯಿಯ ಪಾಠ ಎಂದುಕೊಳ್ಳಿ, ತೆರಿಗೆ ಸದ್ಯಕ್ಕೆ ಬದಿಗಿರಲಿ. ಗೂಗಲ್ ಬಿಲ್ಲಿಂಗ್‌ನಲ್ಲಿ 75 ಹೋಗುತ್ತದೆ. ನಿಮ್ಮ ಗೇಟ್‌ವೇ ಬಳಸಿದರೆ ಗೂಗಲ್‌ಗೆ 55, ಗೇಟ್‌ವೇಗೆ ಸುಮಾರು ಶೇ 2 ಅಂದರೆ 10, ಒಟ್ಟು 65. ಉಳಿತಾಯ ಹತ್ತೇ ರೂಪಾಯಿ. ಅದಕ್ಕಾಗಿ ಗೂಗಲ್ ಹೇಳಿದ ಎಪಿಐ (ನಿಮ್ಮ ಆ್ಯಪ್ ಅವರ ವ್ಯವಸ್ಥೆಯ ಜೊತೆ ಮಾತಾಡುವ ಕೋಡ್) ಕೂಡಿಸಬೇಕು, ಆಯ್ಕೆಯ ಪರದೆ ತೋರಿಸಬೇಕು, ಪ್ರತಿ ವ್ಯವಹಾರವನ್ನೂ ಅವರಿಗೆ ವರದಿ ಮಾಡಬೇಕು, ರೀಫಂಡ್ ಕೇಳಿ ಬರುವವರನ್ನು ನೀವೇ ಸಂಭಾಳಿಸಬೇಕು. ಗೂಗಲ್‌ನ ಜಾಣತನ ಇರುವುದೇ ಇಲ್ಲಿ. ಅವರ ಪ್ರಕಾರ ಸುಂಕ ಹಣ ದಾಟಿಸಿದ್ದಕ್ಕಲ್ಲ, ಸಂತೆಯಲ್ಲಿ ಜಾಗ ಕೊಟ್ಟಿದ್ದಕ್ಕೆ. ಹಾಗಾಗಿ ಬಾಗಿಲು ತೆರೆದಿದೆ, ಆದರೆ ಒಳಗೆ ಹೋಗಲು ಸಣ್ಣವರಿಗೆ ಕಾರಣವೇ ಇರುವುದಿಲ್ಲ, ಅಲ್ವಾ?

ನನ್ನನ್ನು ಕೇಳಿದರೆ, ಒಬ್ಬರೇ ಅಥವಾ ಇಬ್ಬರೇ ಇರುವ ತಂಡ ಈ ಎರಡನ್ನೂ ಬಿಡಬೇಕು. ಪಾಠವನ್ನು ನಿಮ್ಮ ವೆಬ್‌ಸೈಟ್‌ನಲ್ಲೇ ಮಾರಿ. ಆ್ಯಪ್‌ನಲ್ಲಿ ಲಾಗಿನ್ ಆಗಿ ನೋಡುವುದಷ್ಟೇ ಇರಲಿ. ಹೊರಗೆ ಕೊಂಡದ್ದನ್ನು ಒಳಗೆ ಬಳಸುವ ಆ್ಯಪ್‌ಗೆ ಪ್ಲೇ ಸ್ಟೋರ್‌ನಲ್ಲಿ ಅನುಮತಿ ಇದೆ. ಒಂದೇ ಎಚ್ಚರ, ಆ್ಯಪ್ ಒಳಗಿಂದ ನಿಮ್ಮ ಪಾವತಿ ಪುಟಕ್ಕೆ ಲಿಂಕ್ ಕೊಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ, ಇಮೇಲ್‌ನಲ್ಲಿ ಎಷ್ಟು ಬೇಕಾದರೂ ಹೇಳಿಕೊಳ್ಳಿ. ಗಿರಾಕಿಗಳು ಸ್ವಲ್ಪ ಕಡಿಮೆ ಬರುತ್ತಾರೆ, ನಿಜ. ಆಟ ಮಾಡುವವರಿಗಂತೂ ಈ ದಾರಿ ಆಗುವುದಿಲ್ಲ, ಅವರು ಸುಮ್ಮನೆ ಶೇ 15 ಕೊಟ್ಟು ಆರಾಮಾಗಿರಲಿ.

ದರಗಳು ಆಗಾಗ ಬದಲಾಗುತ್ತವೆ, ಕೋಡ್ ಶುರು ಮಾಡುವ ದಿನ ಇನ್ನೊಮ್ಮೆ ನೋಡಿ.

4. ಪರೀಕ್ಷಕರನ್ನು ಈಗಲೇ ಹುಡುಕಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಆ್ಯಪ್ ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು 12 ಜನ ಸತತ 14 ದಿನ ಅದರ ಪರೀಕ್ಷೆಯಲ್ಲಿ ಇರಬೇಕು. ಮೊದಲು 20 ಜನ ಬೇಕಿತ್ತು. ದುಡ್ಡಿಗೆ ಪರೀಕ್ಷಕರನ್ನು ಕೊಡುತ್ತೇವೆ ಎನ್ನುವ ಗುಂಪುಗಳು ಬೇಕಾದಷ್ಟಿವೆ, ಹತ್ತಿರ ಹೋಗಬೇಡಿ. ಅಕ್ಕನ ಮನೆಯವರು, ಹಳೇ ಸಹಪಾಠಿಗಳು ಸಾಕು. ಹದಿನೈದು ಜನರನ್ನು ಸೇರಿಸಿಕೊಳ್ಳಿ, ಯಾಕೆಂದರೆ ಮಧ್ಯದಲ್ಲಿ ಒಬ್ಬ ಚಿಕ್ಕಪ್ಪ ಫೋನ್ ಬದಲಿಸುತ್ತಾರೆ.

5. ಇನ್ನೊಂದು ಅಂಗಡಿಯಲ್ಲೂ ಇಡಿ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರುವರಿಯಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ಕನ್ನಡದಲ್ಲೂ ಇದೆ, ಹೊರಗಿನ ಗೇಟ್‌ವೇ ಬಳಸಿದರೆ ಕಮಿಷನ್ ಇಲ್ಲ ಎಂದೇ ಬಂದದ್ದು. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಪ್ಲೇ ಸ್ಟೋರ್ ಫೋನಿನ ಜೊತೆಗೇ ಬರುತ್ತದೆ, ಇದನ್ನು ಹೆಚ್ಚಿನವರು ಹುಡುಕಿ ಹಾಕಿಕೊಳ್ಳಬೇಕು.

6. ಗಿರಾಕಿಯ ಪಟ್ಟಿ ನಿಮ್ಮ ಹತ್ತಿರವೇ ಇರಲಿ. 2024ರ ಮಾರ್ಚ್ 1ರಂದು ಸೇವಾಶುಲ್ಕದ ಜಗಳದಲ್ಲಿ ಗೂಗಲ್ ಭಾರತ್ ಮ್ಯಾಟ್ರಿಮೋನಿ, ನೌಕ್ರಿಯಂಥ ಆ್ಯಪ್‌ಗಳನ್ನೇ ಕಿತ್ತುಹಾಕಿತ್ತು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ವಾಪಸ್ ಬಂದವು. ನಿಮ್ಮ ಕಥೆ ಆ್ಯಪ್‌ಗಾಗಿ ಯಾವ ಮಂತ್ರಿಯೂ ಫೋನ್ ಮಾಡುವುದಿಲ್ಲ. ಮೊದಲ ಗಿರಾಕಿಯಿಂದಲೇ ಒಪ್ಪಿಗೆ ಕೇಳಿ ಇಮೇಲ್ ಬರೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅದರ ಪ್ರತಿಯನ್ನು ಬೇರೆ ಕಡೆ ಉಳಿಸಿ.