ಹಳೆಯ ಎಚ್‌ಎಂಟಿ ವಿನ್ಯಾಸ ಮತ್ತೆ ತಯಾರಾಗಬೇಕೆಂದರೆ: ಆಯ್ಕೆಯಿಂದ ಮಾದರಿಯವರೆಗೆ

ಹಳೆಯ ಕೈಗಡಿಯಾರಗಳ ಹುಚ್ಚಿರುವ ನಾಲ್ಕು ಜನ ಸೇರಿದಲ್ಲಿ, ಎಚ್‌ಎಂಟಿಯ ಆ ಪೈಲಟ್ ಮತ್ತೆ ಬರಬೇಕಿತ್ತು, ಆ ಸೋನಾ ಮತ್ತೆ ಬರಬೇಕಿತ್ತು ಎಂಬ ಮಾತು ಬಂದೇ ಬರುತ್ತದೆ. ಆದರೆ ಹಂಬಲವನ್ನು ಕೇಳಿಕೊಂಡು ಯಾವ ತಯಾರಕನೂ ಅಚ್ಚು ಮಾಡಿಸುವುದಿಲ್ಲ. ಅವನಿಗೆ ಬೇಕಾಗುವುದು ಅಳತೆಗಳು, ಚಿತ್ರಗಳು, ಮತ್ತು ಹಳೆಯದರಲ್ಲಿ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಲೇಬಾರದು ಎಂಬ ಸ್ಪಷ್ಟ ತಿಳಿವಳಿಕೆ. ಅಂಥದೊಂದು ಟಿಪ್ಪಣಿಯನ್ನು ಆಸಕ್ತರೇ ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳನ್ನು ಎಚ್‌ಎಂಟಿಯಿಂದಲೇ ಆರಿಸಿಕೊಳ್ಳಲು ಕಾರಣವಿದೆ: 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತಾದರೂ, ಅದರ ಗಡಿಯಾರಗಳು ಇಂದಿಗೂ ನಮ್ಮ ಮನೆಗಳ ಬೀರುಗಳಲ್ಲಿ ಸಿಗುತ್ತವೆ.

ಮೊದಲು ಆಯ್ಕೆಯ ವಿಚಾರ. ಎಲ್ಲರ ಬಾಯಲ್ಲಿರುವ ಮಾದರಿಯೇ ಮರುಸೃಷ್ಟಿಗೆ ಯೋಗ್ಯವಾದದ್ದು ಎಂದೇನೂ ಇಲ್ಲ. ಕಪ್ಪು ಡಯಲ್‌ನ ಮೇಲೆ ದೊಡ್ಡ ಅಂಕಿಗಳಿರುವ ಪೈಲಟ್ ನಿಸ್ಸಂದೇಹವಾಗಿ ಸುಂದರ; ಆದರೆ ಅದೇ ಬಗೆಯ ಸೈನಿಕ ಶೈಲಿಯ ಹೊಸ ಗಡಿಯಾರಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ನನ್ನ ಮತ ಕೇಳಿದರೆ, ತೆಳುವಾದ ಸೋನಾ, ದೇವನಾಗರಿ ಅಕ್ಷರಗಳಿರುವ ಜನತಾ, ಮುಚ್ಚಳ ತೆರೆದು ಬೆರಳಿನಿಂದ ಸಮಯ ತಿಳಿಯುವ ಬ್ರೈಲ್ ಗಡಿಯಾರ, ಈ ಮೂರಕ್ಕೆ ಮೊದಲ ಹಕ್ಕಿದೆ, ಏಕೆಂದರೆ ಇವುಗಳ ಸ್ಥಾನವನ್ನು ತುಂಬುವಂಥದ್ದು ಈಗ ಸುಲಭವಾಗಿ ಸಿಗುವುದಿಲ್ಲ. ಆಯ್ದುಕೊಂಡ ವಿನ್ಯಾಸದ ಹೆಸರು ಮುಚ್ಚಿಟ್ಟರೂ ಗುರುತು ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಸಿಗದಿದ್ದರೆ ನೀವು ಬಯಸುತ್ತಿರುವುದು ಹಳೆಯ ನೆನಪನ್ನೇ ಹೊರತು ವಿನ್ಯಾಸವನ್ನಲ್ಲ.

ಎರಡನೆಯ ಹೆಜ್ಜೆಯಲ್ಲಿ ಬಹಳ ಮಂದಿ ಎಡವುತ್ತಾರೆ: ಅಳತೆಗೆ ಆರಿಸಿಕೊಂಡ ಗಡಿಯಾರವೇ ಅಸಲಿಯಾಗಿರುವುದಿಲ್ಲ. ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಡಯಲ್ ಕೂರಿಸಿ ಮಾರುವ ದಂಧೆ ಎಷ್ಟು ವ್ಯಾಪಕವಾಗಿದೆಯೆಂದರೆ, ಇಂಟರ್ನೆಟ್ಟಿನಲ್ಲಿ ಕಣ್ಣು ಕುಕ್ಕುವ ಕಿತ್ತಳೆ, ಕೆಂಪು ಜನತಾಗಳನ್ನು ನೋಡಿ ಅವು ಕಾರ್ಖಾನೆಯಿಂದಲೇ ಹಾಗೆ ಬಂದವು ಎಂದು ನಂಬುವವರಿದ್ದಾರೆ. ನಾನೂ ಒಮ್ಮೆ ಹಾಗೆ ಮೋಸ ಹೋದವನೇ. ಮನೆಗೆ ತಂದ ಪೈಲಟ್ ಅನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಅಡಿಯಲ್ಲಿಟ್ಟು ನೋಡಿದಾಗ, 8ರ ಎರಡು ಸೊನ್ನೆಗಳಲ್ಲಿ ಒಂದು ಅರ್ಧ ಮುಚ್ಚಿಕೊಂಡಿತ್ತು, ಅಕ್ಷರಗಳ ಅಂಚಿನಲ್ಲಿ ಮಸಿ ಹರಡಿತ್ತು, ನಿಮಿಷದ ಗೆರೆಗಳು ಗಂಟೆಯ ಅಂಕಿಗಳಿಗೆ ನೇರವಾಗಿರದೆ ಕೂದಲೆಳೆಯಷ್ಟು ವಾಲಿದ್ದವು. ಅಸಲಿ ಡಯಲ್‌ನಲ್ಲಿ ಮುದ್ರಣದ ಅಂಚು ಚೂಪಾಗಿರುತ್ತದೆ, ಬಣ್ಣವು ಮುಳ್ಳುಗಳ ಹಾಗೂ ಕೇಸಿನ (ಹೊರಕವಚದ) ಸವೆತಕ್ಕೆ ಹೊಂದುವಷ್ಟು ಮಾಸಿರುತ್ತದೆ. ಮೈಯೆಲ್ಲ ಗೀರು ಬಿದ್ದ ಕೇಸಿನೊಳಗೆ ಹೊಳೆಯುವ ಡಯಲ್ ಇದ್ದರೆ ಅನುಮಾನಿಸಿ. ಸಾಧ್ಯವಾದರೆ ಒಂದೇ ಮಾದರಿಯ ಮೂರು ಗಡಿಯಾರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಅಂಗಡಿಗಿಂತ, ಒಬ್ಬರೇ ಕೊಂಡು ಒಬ್ಬರೇ ಕಟ್ಟಿದ ಮನೆಯ ಗಡಿಯಾರ ಹೆಚ್ಚು ನಂಬಿಕೆಗೆ ಅರ್ಹ.

ಅಳತೆಗೆ ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಬೇಕು. ಅದರ ದವಡೆಗಳು ಗೀರು ಮಾಡದಂತೆ ತೆಳುವಾದ ಟೇಪ್ ಅಂಟಿಸಿ, ಟೇಪ್ ಸಮೇತ ಸೊನ್ನೆಗೆ ಹೊಂದಿಸಿಕೊಳ್ಳಿ. ಕ್ರೌನ್ (ಪಕ್ಕದಲ್ಲಿರುವ, ಸಮಯ ಹೊಂದಿಸುವ ಗುಂಡಿ) ಬಿಟ್ಟು ಕೇಸಿನ ಅಗಲ, ಬೆಲ್ಟು ಸಿಕ್ಕಿಸುವ ಲಗ್‌ಗಳ ಒಂದು ತುದಿಯಿಂದ ಇನ್ನೊಂದು ತುದಿಗಿರುವ ಉದ್ದ, ಲಗ್‌ಗಳ ನಡುವಿನ ಅಂತರ, ಗಾಜಿನ ಉಬ್ಬು ಸೇರಿಸಿ ಮತ್ತು ಬಿಟ್ಟು ಎರಡು ಬಗೆಯ ದಪ್ಪ, ಕ್ರೌನ್‌ನ ವ್ಯಾಸ, ಇಷ್ಟನ್ನು ಮೂರು ಮೂರು ಸಲ ಅಳೆದು ಬರೆದುಕೊಳ್ಳಬೇಕು. ಡಯಲ್ ಮತ್ತು ಮುಳ್ಳುಗಳನ್ನು ಮಾತ್ರ ನೀವೇ ಬಿಚ್ಚಲು ಹೋಗಬೇಡಿ. ನಂಬಿಕೆಯ ವಾಚ್ ರಿಪೇರಿಯವರಿಗೆ ಸರ್ವಿಸ್‌ಗೆ ಕೊಟ್ಟಾಗಲೇ ಪಕ್ಕದಲ್ಲಿ ಕೂತು ಅಳೆದುಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಗುತ್ತದೆ. ರಾತ್ರಿ ಹೊಳೆಯುವ ಹಳೆಯ ಬಣ್ಣ ಪುಡಿಯಾಗುತ್ತಿದ್ದರೆ ಅದನ್ನು ಕೆರೆಯಬಾರದು, ಊದಬಾರದು. ಅಂಥ ಬಣ್ಣಗಳಲ್ಲಿ ವಿಕಿರಣ ವಸ್ತು ಬಳಸುತ್ತಿದ್ದ ಕಾಲವೊಂದಿತ್ತು, ಮತ್ತು ಹೊಳಪು ಸತ್ತರೂ ರೇಡಿಯಂನ ವಿಕಿರಣ ಉಳಿದೇ ಇರುತ್ತದೆ.

ಫೋಟೋ ತೆಗೆಯುವಾಗ ಮೊಬೈಲನ್ನು ಗಡಿಯಾರದ ಮೂತಿಗೆ ಹಿಡಿದರೆ ನಡುಭಾಗ ಉಬ್ಬಿ ಅಂಚು ಕುಗ್ಗುತ್ತದೆ. ಸುಮಾರು ಒಂದು ಮೀಟರ್ ದೂರದಿಂದ, ಜೂಮ್ ಮಾಡಿ, ಡಯಲ್‌ನಷ್ಟೇ ಎತ್ತರದಲ್ಲಿ ಪಕ್ಕಕ್ಕೆ ಉಕ್ಕಿನ ಸ್ಕೇಲ್ ಇರಿಸಿ ತೆಗೆಯಿರಿ.

ಇನ್ನು, ಏನನ್ನು ಉಳಿಸಬೇಕು ಎಂಬ ಮುಖ್ಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಹಳೆಯ ಗಡಿಯಾರದ ಜೀವ ಇರುವುದು ಅದರ ಪ್ರಮಾಣದಲ್ಲಿ. ಸುಮಾರು 35 ಮಿಲಿಮೀಟರ್ ಅಗಲದ ಕೇಸನ್ನು ಇಂದಿನ ಅಭಿರುಚಿಯ ಹೆಸರಿನಲ್ಲಿ 40ಕ್ಕೆ ಹಿಗ್ಗಿಸಿದರೆ, ಐದೇ ಮಿಲಿಮೀಟರ್ ಅಲ್ಲವೇ ಅನ್ನಿಸಬಹುದು. ಆದರೆ ಅದರ ಮುಖದ ವಿಸ್ತೀರ್ಣ ನೂರಕ್ಕೆ ಮೂವತ್ತರಷ್ಟು ಹೆಚ್ಚುತ್ತದೆ, ಅಂಕಿಗಳ ನಡುವೆ ಖಾಲಿ ಬಯಲು ತೆರೆದುಕೊಳ್ಳುತ್ತದೆ, ರೆಡಿಮೇಡ್ ಮುಳ್ಳುಗಳು ನಿಮಿಷದ ಗೆರೆಯನ್ನು ಮುಟ್ಟದೆ ಕುಂಟುತ್ತವೆ. ದೊಡ್ಡ ಕಂಪನಿಗಳಿಗೂ ಈ ಪಾಠ ತಡವಾಗಿಯೇ ಆದದ್ದು. ಲಾಂಜೀನ್ಸ್ ತನ್ನ 1960ರ ದಶಕದ ಡೈವಿಂಗ್ ಗಡಿಯಾರವನ್ನು 2007ರಲ್ಲಿ 42 ಮಿಲಿಮೀಟರ್ ಗಾತ್ರದಲ್ಲಿ ಮರಳಿ ತಂದಿತು, ಮುಂದೆ ಅದಕ್ಕೆ ಮೂಲದಲ್ಲಿಲ್ಲದ ತಾರೀಖಿನ ಕಿಟಕಿ ಸೇರಿಸಿತು. 2023ರಲ್ಲಿ ಕಿಟಕಿಯನ್ನು ತೆಗೆದು 39 ಮಿಲಿಮೀಟರ್‌ಗೆ ಇಳಿಸಿತು. ಒಮೆಗಾ ತನ್ನ 1957ರ ಮೂರು ಗಡಿಯಾರಗಳನ್ನು 2017ರಲ್ಲಿ ಪುನಃ ತಯಾರಿಸುವಾಗ ಹಳೆಯವನ್ನು ಡಿಜಿಟಲ್ ಸ್ಕ್ಯಾನ್ ಮಾಡಿ ಅಳತೆ ಹಿಡಿದುಕೊಂಡಿತು, ಒಳಗೆ ಮಾತ್ರ ಇಂದಿನ ಯಂತ್ರ ಕೂರಿಸಿತು. ನಮಗೂ ಅನುಸರಿಸಲು ಯೋಗ್ಯವಾದ ದಾರಿ ಅದೇ.

ಯಂತ್ರದ ಆಯ್ಕೆಯೇ ದಪ್ಪವನ್ನು ನಿರ್ಧರಿಸುತ್ತದೆ. ಜನತಾ, ಪೈಲಟ್‌ಗಳಲ್ಲಿದ್ದ 0231 ಯಂತ್ರ ಕೀ ಕೊಡುವಂಥದ್ದು, 17 ಜ್ಯುವೆಲ್‌ಗಳದು (ಸವೆತ ತಡೆಯಲು ಒಳಗೆ ಕೂರಿಸುವ ಪುಟ್ಟ ಹರಳುಗಳು), ಗಂಟೆಗೆ 18,000 ಬಾರಿ ಬಡಿಯುತ್ತಿತ್ತು. ಇಂದು ಅಗ್ಗಕ್ಕೆ ಸಿಗುವ ಎನ್‌ಎಚ್35 ಆಟೊಮ್ಯಾಟಿಕ್ ಯಂತ್ರ, ಅಂದರೆ ಕೈಯ ಚಲನೆಯಿಂದ ತಾನೇ ಕೀ ತುಂಬಿಕೊಳ್ಳುವಂಥದ್ದು, 5.32 ಮಿಲಿಮೀಟರ್ ದಪ್ಪವಿದೆ. ಅದನ್ನು ಸೋನಾದಂಥ ತೆಳು ವಿನ್ಯಾಸದೊಳಗೆ ತುರುಕಿದರೆ ಬಿಸ್ಕತ್ತು ಹೋಗಿ ಬನ್ ಆಗುತ್ತದೆ. ಮೇಲಾಗಿ ಅದರಲ್ಲಿ ತಾರೀಖಿನ ಚಕ್ರವಿದೆ. ತಾರೀಖಿನ ಕಿಟಕಿಯಿಲ್ಲದ ಡಯಲ್ ಹಾಕಿದರೂ, ಕ್ರೌನ್ ಎಳೆದಾಗ ನಡುವೆ ಕೆಲಸಕ್ಕೆ ಬಾರದ ಒಂದು ನಿಲುಗಡೆ ಸಿಗುತ್ತದೆ, ಕಾಣದ ಚಕ್ರವೊಂದು ಒಳಗೆ ತಿರುಗುತ್ತಲೇ ಇರುತ್ತದೆ. ಸಿಟಿಜನ್ ಬಳಗದ ಮಿಯೋಟಾ 9039 ಕೂಡ ಆಟೊಮ್ಯಾಟಿಕ್, ಆದರೆ ಅದರಲ್ಲಿ ತಾರೀಖಿಲ್ಲ, ದಪ್ಪ 3.9 ಮಿಲಿಮೀಟರ್ ಮಾತ್ರ, ಮತ್ತು ಎಚ್‌ಎಂಟಿಯ ಮೂಲಕ್ಕೂ ಅದು ನೆಂಟನೇ. ಆದರೂ ಜನತಾ ಎಂದರೆ ಬೆಳಿಗ್ಗೆ ಎದ್ದು ಕೀ ಕೊಡಬೇಕು ಎನ್ನುವವನು ನಾನು. ಅಂಥವರಿಗೆ 3.35 ಮಿಲಿಮೀಟರ್ ದಪ್ಪದ ಸೆಲಿಟಾ ಎಸ್‌ಡಬ್ಲ್ಯು210 ಇದೆ, ಬೆಲೆ ಮಾತ್ರ ಹೆಚ್ಚು.

ಗಾಜು, ನೀರಿನಿಂದ ರಕ್ಷಣೆ, ಹೊಳೆಯುವ ಬಣ್ಣ ಇವುಗಳನ್ನು ಧಾರಾಳವಾಗಿ ಸುಧಾರಿಸಬಹುದು. ಹೊಸ ಬಣ್ಣಕ್ಕೆ ಬೇಕೆಂದೇ ಕಂದು ಛಾಯೆ ಕೊಟ್ಟು ಹಳತಾದಂತೆ ತೋರಿಸುವ ಚಾಳಿಯನ್ನು ಮಾತ್ರ ಬಿಡಬೇಕು. ಕಾರ್ಖಾನೆಯಿಂದ ಹೊರಬಿದ್ದ ದಿನ ಪೈಲಟ್‌ನ ಅಂಕಿಗಳು ಕಂದಾಗಿರಲಿಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರ ಅಗತ್ಯ. ನಮ್ಮ 2000ದ ವಿನ್ಯಾಸ ಕಾಯ್ದೆಯಂತೆ ನೋಂದಾಯಿತ ವಿನ್ಯಾಸಕ್ಕೆ ಹೆಚ್ಚೆಂದರೆ 15 ವರ್ಷಗಳ ರಕ್ಷಣೆ ಸಿಗುತ್ತದೆ, ಆದರೆ ಟ್ರೇಡ್‌ಮಾರ್ಕ್ ಅನ್ನು ಹತ್ತು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದರೂ ಉಳಿಸಿಕೊಳ್ಳಬಹುದು. ಆದ್ದರಿಂದ ಕೇಸಿನ ಆಕಾರದಿಂದ ಪ್ರೇರಣೆ ಪಡೆಯುವುದು ಒಂದು, ಅನುಮತಿಯಿಲ್ಲದೆ ಡಯಲ್ ಮೇಲೆ ಎಚ್‌ಎಂಟಿ ಎಂದು ಅಚ್ಚು ಹಾಕುವುದು ಇನ್ನೊಂದು. ಎರಡನೆಯದು ನಕಲಿ ಮಾಲು.

ಇಷ್ಟೂ ಕೂಡಿದ ಮೇಲೆ ಅಳತೆಗಳನ್ನು ಒಂದು ಪುಟಕ್ಕೆ ಇಳಿಸಿ, ಮುಟ್ಟಬಾರದ ಸಂಗತಿಗಳನ್ನು ಮೊದಲು ಬರೆದು, ಮುಂಗಡ ಕೊಡಲು ನಿಜವಾಗಿಯೂ ಸಿದ್ಧರಿರುವವರ ಸಂಖ್ಯೆಯನ್ನು ಕೊನೆಯಲ್ಲಿ ನಮೂದಿಸಿ ತಯಾರಕರಿಗೆ ಕಳುಹಿಸಿ. ಮೆಚ್ಚಿಕೊಂಡವರ ಸಂಖ್ಯೆಯನ್ನು ಅದಕ್ಕೆ ಸೇರಿಸಬೇಡಿ. ಮೊದಲ ಮಾದರಿ ಕೈಗೆ ಬಂದಾಗ ಹಗಲು ಬೆಳಕಿನಲ್ಲಿ ಹಳೆಯದರ ಪಕ್ಕದಲ್ಲಿಟ್ಟು, ಎರಡರಲ್ಲೂ ಮುಳ್ಳುಗಳನ್ನು ಹತ್ತು ಗಂಟೆ ಎಂಟು ನಿಮಿಷಕ್ಕೆ ನಿಲ್ಲಿಸಿ, ತೋಳಿನಷ್ಟು ದೂರದಿಂದ ನೋಡಿ. ನಿಮಿಷದ ಮುಳ್ಳಿನ ತುದಿ ಗೆರೆಯನ್ನು ಮುಟ್ಟದೆ ಒಳಗೇ ನಿಂತಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೂ ಮಾದರಿಯನ್ನು ವಾಪಸು ಕಳುಹಿಸಿ.