ಜಪಾನಿ ಕ್ಯಾಸೆಟ್ಟು, ಹುಬ್ಬಳ್ಳಿ ಮೇಜು: ನನ್ನ ಅನುಭವ

ಕಳೆದ ಭಾನುವಾರ ಮಧ್ಯಾಹ್ನ ಒಂದೂವರೆಗೆ ನನ್ನ ಅಂಗಡಿಯ ಮೇಜಿನ ಸುತ್ತ 9 ಜನ ಕುಳಿತಿದ್ದರು. ಇನ್ನೂ ನಾಲ್ವರು ಬಾಗಿಲಲ್ಲಿ ನಿಂತು ಸರದಿ ಕಾಯುತ್ತಿದ್ದರು. ಎಲ್ಲರ ಕೈಯಲ್ಲಿದ್ದದ್ದು 20-30 ವರ್ಷ ಹಳೆಯ, ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರಗಳಾದ ಹ್ಯಾಂಡ್‌ಹೆಲ್ಡ್‌ಗಳು. ಟೆಟ್ರಿಸ್, ಸೂಪರ್ ಮಾರಿಯೋ, ಪೋಕೆಮಾನ್ ಈ ಮೂರು ಹೆಸರಾಂತ ಆಟಗಳೂ ಬೀರುವಿನೊಳಗೆ ಬೀಗ ಹಾಕಿಕೊಂಡು ಕುಳಿತಿದ್ದವು. ಅವುಗಳನ್ನು ಯಾರೂ ಕೇಳಲಿಲ್ಲ.

ಇದನ್ನು ಬರೆಯಲು ಕಾರಣವಿದೆ. 2022ರ ದೀಪಾವಳಿಯ ಹೊತ್ತಿಗೆ, ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಭಾನುವಾರಕ್ಕೊಮ್ಮೆ ಹಳೆಯ ಆಟಗಳ ಮೇಜು ಹಾಕುತ್ತೇನೆ ಎಂದಾಗ, ನಮ್ಮ ಓಣಿಯ ರಿಪೇರಿಯವರೆಲ್ಲ ಬೇಡವೆಂದರು. ಪಕ್ಕದ ಸೀರೆ ಅಂಗಡಿಯ ಹಿರಿಯರು ನೇರವಾಗಿ ಕೇಳಿದರು: “ತಮ್ಮಾ, ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವಾಗ ಅರ್ಧ ತಾಸಿಗೆ 30 ರೂಪಾಯಿ ಕೊಟ್ಟು ಕಪ್ಪು-ಬಿಳುಪು ಆಟ ಯಾರು ಆಡುತ್ತಾರೆ?” ಮೊದಲ ಎಂಟು ತಿಂಗಳು ಅವರ ಮಾತೇ ನಿಜವಾಗಿತ್ತು.

ಆ ಎಂಟು ತಿಂಗಳ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಮೊದಲ ಕಂತಿನಲ್ಲಿ ನಿಂಟೆಂಡೊ ಕಂಪನಿಯ 6 ಹಳೆಯ ಗೇಮ್ ಬಾಯ್ ತರಿಸಿದೆ, ಸುಮಾರು 19,000 ರೂಪಾಯಿ. ಬಂದಾಗ ನಾಲ್ಕು ಸತ್ತಿದ್ದವು. ಎರಡರಲ್ಲಿ ಸೆಲ್ ಸೋರಿ ಸ್ಪ್ರಿಂಗ್ ಹಸಿರುಗಟ್ಟಿತ್ತು, ಎರಡರ ಪರದೆಯಲ್ಲಿ ಗೆರೆಗಳು ಮಾಯವಾಗಿದ್ದವು. ಅಲ್ಕಲೈನ್ ಸೋರಿಕೆಗೆ ವಿನೆಗರ್ ಬಳಸುವವರಿದ್ದಾರೆ. ನಾನು ನಿಂಬೆರಸವನ್ನೇ ಬಳಸಿ, ಕೂಡಲೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದೆ, ಎರಡೂ ಎದ್ದವು. ಉದ್ದ ಗೆರೆಗಳಿಗೆ ಪರದೆಯ ಕೆಳಗಿನ ರಿಬ್ಬನ್ (ಚಪ್ಪಟೆ ತಂತಿ) ಮೇಲೆ ಬಿಸಿ ಸೋಲ್ಡರಿಂಗ್ ಐರನ್ ಎಳೆಯುವ ವಿದ್ಯೆ ರಿಪೇರಿಯವರಿಗೆಲ್ಲ ಗೊತ್ತಿರುವುದೇ. ಅಡ್ಡ ಗೆರೆಗಳದ್ದು ಬೇರೆ ಕಥೆ. ಅದಕ್ಕೆ ಪಕ್ಕದ ರಿಬ್ಬನ್‌ಗೆ ಕೈ ಹಾಕಬೇಕು, ಹತ್ತರಲ್ಲಿ ಎಂಟು ಜನ ಅಲ್ಲಿ ಪರದೆ ಕೆಡಿಸುತ್ತಾರೆ. ನಾನು ಇದುವರೆಗೆ ಐದು ಸರಿಮಾಡಿದ್ದೇನೆ, ಒಂದೂ ಕೆಟ್ಟಿಲ್ಲ. ಹೇಗೆ ಎನ್ನುವುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ನನ್ನ ಹೊಟ್ಟೆಪಾಡಿನ ಒಂದು ಭಾಗ ಅದರಿಂದಲೇ ನಡೆಯುತ್ತದೆ.

ಎರಡನೆಯ ಹೊಡೆತ ಕ್ಯಾಸೆಟ್ಟುಗಳದ್ದು, ಅಂದರೆ ಯಂತ್ರದೊಳಗೆ ಸಿಕ್ಕಿಸುವ ಆಟದ ಚಿಕ್ಕ ಬಿಲ್ಲೆಗಳದ್ದು. ದೊಡ್ಡ ಊರಿನ ಒಬ್ಬ ಮಾರಾಟಗಾರರಿಂದ ಹೆಸರಾಂತ ಆಟಗಳ 20 ಕ್ಯಾಸೆಟ್ಟು ಕೊಂಡೆ, 11,000ದ ಆಸುಪಾಸು. ಬಿಚ್ಚಿ ನೋಡಿದರೆ 14 ನಕಲಿ: ಬೋರ್ಡಿನ ಮೇಲೆ ಕಪ್ಪು ಡಾಂಬರಿನ ಹನಿಯಂಥ ಚಿಪ್, ಆಡಿದ್ದನ್ನು ಉಳಿಸುವ ಸೆಲ್ ಇರಬೇಕಾದ ಜಾಗ ಖಾಲಿ. ಹುಡುಗರು ಆಡಿ ಮುಂದೆ ಹೋದದ್ದೆಲ್ಲ ಸ್ವಿಚ್ ಆರಿಸಿದ ಕೂಡಲೇ ಅಳಿಸಿ ಹೋಗುತ್ತಿತ್ತು. ಒಬ್ಬ ಹುಡುಗ ಅತ್ತುಕೊಂಡು ಹೋದವನು ಮತ್ತೆ ಬರಲೇ ಇಲ್ಲ. ಆ ನಷ್ಟ ನನಗೆ 11,000ಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಸೆಗಾ ಕಂಪನಿಯ ಗೇಮ್ ಗಿಯರ್ ಯಂತ್ರವನ್ನೂ ತಂದಿದ್ದೆ. 1990ರಲ್ಲೇ ಬಣ್ಣದ ಪರದೆ, ಒಳಗೇ ಬೆಳಕು, ನೋಡಲು ರಾಜನಂತೆ ಇತ್ತು. ಬಿಚ್ಚಿದರೆ ಹಳಸಿದ ಮೀನಿನ ವಾಸನೆ, ಕೆಪಾಸಿಟರ್‌ಗಳೆಲ್ಲ ಸೋರಿದ್ದವು. ಎರಡು ರಾತ್ರಿ ಕುಳಿತು ಎಲ್ಲವನ್ನೂ ಬದಲಿಸಿದೆ. ಆದರೆ 6 ಸೆಲ್ ಹಾಕಿದರೆ ಮೂರು ನಾಲ್ಕು ತಾಸಿಗೆ ಕುಡಿದು ಮುಗಿಸುತ್ತದೆ. ಬಾಡಿಗೆ ಮೇಜಿಗೆ ಅದು ಒಗ್ಗುವುದಿಲ್ಲ. ಮಾರಿಬಿಟ್ಟೆ, ಹಾಕಿದ ದುಡ್ಡು ಬಂತು.

ಫೋನೂ ಆಟದ ಯಂತ್ರವೂ ಆದ ನೋಕಿಯಾ ಎನ್-ಗೇಜ್ ಮೇಲೆ ನನಗೆ ಬಹಳ ಆಸೆಯಿತ್ತು. 2003ರದ್ದು, ಒಳಗಿರುವುದು ಬಿಎಲ್-5ಸಿ ಬ್ಯಾಟರಿ. ಜಾತ್ರೆಯಲ್ಲಿ ಮಾರುವ ಎಫ್‌ಎಂ ರೇಡಿಯೊಗಳಿಗೂ ಅದೇ ಬ್ಯಾಟರಿ ಹೋಗುವುದರಿಂದ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಆಟ ಬದಲಿಸಬೇಕೆಂದರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನೇ ಹೊರಗೆಳೆಯಬೇಕು. ಒಂದೇ ಭಾನುವಾರದಲ್ಲಿ ಹದಿನೈದು ಸಲ ತೆಗೆದು ಹಾಕಿ ಮುಚ್ಚಳದ ಕೊಕ್ಕೆ ಮುರಿಯಿತು. ಒಬ್ಬರೇ ಮನೆಯಲ್ಲಿಟ್ಟುಕೊಂಡು ಆಡುವುದಾದರೆ ಅದು ಈಗಲೂ ಒಳ್ಳೆಯ ಯಂತ್ರ ಎಂದೇ ನನ್ನ ಅಭಿಪ್ರಾಯ.

ಒಟ್ಟು ಆ ಎಂಟು ತಿಂಗಳಲ್ಲಿ 48,000 ಹೋಗಿತ್ತು, ಬಂದದ್ದು 6,000 ಇರಬಹುದು. ಒಂದು ಭಾನುವಾರ ಮೂರೇ ಜನ ಬಂದಿದ್ದರು, ಅವರಲ್ಲಿ ಇಬ್ಬರು ಫೋನ್ ರಿಪೇರಿಗೆ ಬಂದವರು.

ದಾರಿ ತೋರಿಸಿದ್ದು ಒಬ್ಬ ಹುಡುಗ. ಕುಂದಗೋಳದ ಕಡೆಯವನು, ಕನ್ನಡ ಶಾಲೆ, ಏಳನೆಯ ತರಗತಿ. ಹೆಸರಾಂತ ಸಾಹಸದ ಆಟವೊಂದನ್ನು ಕೊಟ್ಟೆ. ಮೊದಲ ಐದು ನಿಮಿಷವೆಲ್ಲ ಇಂಗ್ಲಿಷ್ ಮಾತು. ಅವನು ಗುಂಡಿ ಒತ್ತುತ್ತ ಒತ್ತುತ್ತ ಬೇಸತ್ತು, “ಕಾಕಾ, ಇದು ಪಾಠದ ಪುಸ್ತಕ ಇದ್ದಂತೆ ಇದೆ” ಎಂದು ಕೆಳಗಿಟ್ಟ. ಆಮೇಲೆ ತಾನೇ ಡಬ್ಬಿಯಲ್ಲಿ ಕೈಯಾಡಿಸಿ, ಒಟ್ಟಿಗೆ ಕೊಂಡ ಲಾಟಿನ ಜತೆ ಪುಕ್ಕಟೆ ಬಂದಿದ್ದ ಒಂದು ಜಪಾನಿ ಕ್ಯಾಸೆಟ್ಟು ಹಾಕಿಕೊಂಡ. ಅದರಲ್ಲಿ ನನಗೂ ಒಂದಕ್ಷರ ಓದಲು ಬರುವುದಿಲ್ಲ. ಅವನು ಒಂದು ತಾಸು ತಲೆ ಎತ್ತಲಿಲ್ಲ.

ಅದು ‘ಮೊಗುರಾನ್ಯಾ’, ಇಂಗ್ಲಿಷಿನಲ್ಲಿ ‘ಮೋಲ್ ಮೇನಿಯಾ’, 1996ರ ಆಟ. ಹೆಗ್ಗಣದಂತೆ ನೆಲ ಕೊರೆಯುವ ಪ್ರಾಣಿಯೊಂದು, ರೈತ ಹಿಡಿದುಕೊಂಡು ಹೋದ ತನ್ನ ಹೆಂಡತಿ ಮಕ್ಕಳನ್ನು ಬಿಡಿಸಿಕೊಳ್ಳಲು ಹೊರಡುತ್ತದೆ. ಪ್ರತಿ ಪರದೆಯಲ್ಲೂ ಒಂದು ಕಬ್ಬಿಣದ ಗುಂಡನ್ನು ದೂಡಿ, ಎಳೆದು, ಎಸೆದು ಬಾಗಿಲು ಒಡೆಯಬೇಕು. ತಾನು ತೋಡಿದ ಗುಂಡಿಗೇ ಆ ಗುಂಡು ಬಿದ್ದರೆ ಕೆಲಸ ಕೆಟ್ಟಿತು. ಎಲ್ಲಿ ತೋಡಬೇಕು ಎನ್ನುವುದಕ್ಕಿಂತ ಎಲ್ಲಿ ತೋಡಬಾರದು ಎನ್ನುವುದೇ ಇಡೀ ಆಟ. ಮಾರಿಯೋ ಮಾಡಿದ ಮಿಯಾಮೊಟೊ ಅವರೇ ಇದರ ನಿರ್ಮಾಪಕರು. ಆದರೆ ಅದೇ ವರ್ಷ ಜಪಾನಿನಲ್ಲಿ ಪೋಕೆಮಾನ್ ಬಂತು, ಟಿವಿಗೆ ಜೋಡಿಸುವ ನಿಂಟೆಂಡೊ 64 ಯಂತ್ರ ಬಂತು, ಇದನ್ನು ಕೇಳುವವರೇ ಇಲ್ಲದಾದರು. ಗೇಮ್ ಬಾಯ್‌ನ ಒಗಟಿನ ಆಟಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ, ಯಾರು ಬೇಕಾದರೂ ವಾದಕ್ಕೆ ಬರಲಿ.

ಆ ರಾತ್ರಿ ಲೆಕ್ಕ ಹಾಕಿದೆ. ಜಪಾನಿ ಕ್ಯಾಸೆಟ್ಟುಗಳು ಅಗ್ಗ, ಏಕೆಂದರೆ ಇಂಗ್ಲಿಷ್ ಬಲ್ಲವರಿಗೆ ಅವು ಬೇಡ. ನನ್ನ ಮೇಜಿಗೆ ಬರುವ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಆಟದ ಇಂಗ್ಲಿಷೂ ಅಷ್ಟಕ್ಕಷ್ಟೇ, ಜಪಾನಿಯೂ ಅಷ್ಟಕ್ಕಷ್ಟೇ. ಗೇಮ್ ಬಾಯ್, ಗೇಮ್ ಬಾಯ್ ಕಲರ್, ಅಡ್ವಾನ್ಸ್ ಇವುಗಳಿಗೆ ದೇಶದ ಬೀಗವಿಲ್ಲ, ಯಾವ ದೇಶದ ಕ್ಯಾಸೆಟ್ಟು ಹಾಕಿದರೂ ಓಡುತ್ತದೆ. ಹಾಗಿದ್ದರೆ ಓದುವ ಅಗತ್ಯವೇ ಇಲ್ಲದ, ಹೆಸರಾಗದ, ಅಗ್ಗದ ಜಪಾನಿ ಆಟಗಳನ್ನಷ್ಟೇ ಯಾಕೆ ಇಡಬಾರದು? ಹೆಸರಾಂತ ಆಟಕ್ಕೆ 2,500 ಕೇಳುವ ಕಡೆ ಇಂಥವು 400ರಿಂದ 700ಕ್ಕೆ ಸಿಗುತ್ತಿದ್ದವು. ಕಸ್ಟಮ್ಸ್ ಸುಂಕ ಮತ್ತು ಅಂಚೆ ಸೇರಿದರೂ ಸಾವಿರದೊಳಗೆ. ಒಂದೊಂದಾಗಿ ತರಿಸಿದರೆ ಅಂಚೆಯೇ ಕೊಲ್ಲುತ್ತದೆ, 15-20 ಒಟ್ಟಿಗೆ ತರಿಸಬೇಕು. ಎಲ್ಲಿಂದ ತರಿಸುತ್ತೇನೆ ಎಂದು ಬಹಳ ಜನ ಕೇಳಿದ್ದಾರೆ. ಅದನ್ನು ಹೇಳುವುದಿಲ್ಲ.

ಪರೀಕ್ಷೆ ಒಂದೇ. ಆಟ ಹೊಸದಾಗಿ ಬಂದ ಕೂಡಲೇ ನಮ್ಮ ಅವ್ವನ ಕೈಗೆ ಕೊಡುತ್ತೇನೆ. ಹತ್ತು ನಿಮಿಷದೊಳಗೆ ಅವಳು “ಹೀಗೆ ಮಾಡಬೇಕೇನು?” ಎಂದು ತಾನೇ ಕಂಡುಹಿಡಿದರೆ ಮೇಜಿಗೆ, ಇಲ್ಲದಿದ್ದರೆ ಡಬ್ಬಿಗೆ. ಹೀಗೆ 31 ಆಟ ಪರೀಕ್ಷಿಸಿ 12 ಉಳಿಸಿದೆ. ಪ್ರತಿ ಆಟದ ಪಕ್ಕ ಕನ್ನಡದಲ್ಲಿ ಒಂದೇ ಸಾಲಿನ ಚೀಟಿ ಅಂಟಿಸಿದೆ. ಎರಡನೆಯ ಸಾಲು ಬರೆದರೆ ಯಾರೂ ಓದುವುದಿಲ್ಲ, ಅದನ್ನೂ ಪ್ರಯೋಗಿಸಿ ನೋಡಿದ್ದೇನೆ.

ಚೀಟಿ ಹೆಚ್ಚು ಕೆಲಸ ಮಾಡಿದ್ದು 1994ರ ಗೇಮ್ ಬಾಯ್ ‘ಡಾಂಕಿ ಕಾಂಗ್’ಗೆ. ಹೆಸರು 1981ರ ಹಳೆಯ ಆಟದ್ದೇ ಆದ್ದರಿಂದ ಜನ ಅದನ್ನು ಹಳೆಯದರ ನಕಲು ಎಂದುಕೊಳ್ಳುತ್ತಾರೆ. ಮೊದಲ ನಾಲ್ಕು ಹಂತಗಳು ನಿಜಕ್ಕೂ ಹಳೆಯವೇ. ಅವು ಮುಗಿದ ಮೇಲೆ ಕೋತಿ ಎದ್ದು ಮತ್ತೆ ಹುಡುಗಿಯನ್ನು ಎತ್ತಿಕೊಂಡು ಓಡುತ್ತದೆ, ನಿಜವಾದ ಆಟ ಅಲ್ಲಿಂದ ಶುರು. ಒಟ್ಟು 101 ಹಂತ. ಬೀಗದ ಕೈಯನ್ನು ಹೊತ್ತುಕೊಂಡು ಬಾಗಿಲ ತನಕ ಮುಟ್ಟಿಸಬೇಕು, ಕೈ ಊರಿ ತಲೆಕೆಳಗಾಗಿ ನಿಲ್ಲಬಹುದು, ಹಿಮ್ಮುಖ ಲಾಗ ಹಾಕಬಹುದು. ನನ್ನ ಚೀಟಿಯಲ್ಲಿರುವುದು ಇಷ್ಟೇ: “ನಾಲ್ಕು ಹಂತ ಮುಗಿದರೆ ಎದ್ದು ಹೋಗಬೇಡಿ.” ಇದರಲ್ಲಿ ಆಟ ಉಳಿಯಲು ಒಳಗೆ ಕಾಯಿನ್ ಸೆಲ್ ಬೇಕು. 30 ವರ್ಷದ ಸೆಲ್ ನಂಬಬೇಡಿ, ಬಂದ ದಿನವೇ ಬದಲಿಸಿ. ಸೆಲ್‌ಗೆ ನೇರ ಐರನ್ ಇಡಬಾರದು, ಲೋಹದ ಪಟ್ಟಿ ಸಮೇತ ಬರುವುದನ್ನೇ ಕೊಳ್ಳಿ. ಆಗಲೇ ಹುಡುಗರು ಆಡಿದ್ದು ಉಳಿದಿದ್ದರೆ, ಹೊರಗಿನಿಂದ ಸಮಾನಾಂತರವಾಗಿ ಮೂರು ವೋಲ್ಟ್ ಕೊಟ್ಟುಕೊಂಡೇ ಹಳೆಯ ಸೆಲ್ ತೆಗೆಯಬಹುದು. ನಾನು ಏಳು ಸಲ ಮಾಡಿದ್ದೇನೆ. ಒಮ್ಮೆ ಕೈ ನಡುಗಿ 60ನೆಯ ಹಂತದವರೆಗಿನ ಆಟ ಹೋಯಿತು. ಆ ಹುಡುಗನಿಗೆ ಎರಡು ತಿಂಗಳು ದುಡ್ಡು ತೆಗೆದುಕೊಳ್ಳಲಿಲ್ಲ.

ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ನನ್ನ ಹೆಮ್ಮೆಯ ಆಯ್ಕೆ ‘ರಿದಮ್ ತೆಂಗೋಕು’. 2006ರಲ್ಲಿ ಜಪಾನಿನಲ್ಲಿ ಮಾತ್ರ ಬಂತು. ಅಷ್ಟರಲ್ಲಿ ನಿಂಟೆಂಡೊದ ಮುಂದಿನ ಯಂತ್ರ ಡಿಎಸ್ ಬಂದು ಹತ್ತಿರ ಹತ್ತಿರ ಎರಡು ವರ್ಷವಾಗಿತ್ತು, ಹೊರಗಿನವರು ಇದರತ್ತ ನೋಡಲೇ ಇಲ್ಲ. ಇದನ್ನು ಮೇಜಿನ ಮೇಲಿಟ್ಟಾಗ ಗೆಳೆಯರೆಲ್ಲ ತಲೆಯಾಡಿಸಿದರು, ಪರದೆ ತುಂಬ ಜಪಾನಿ ಬರಹವಿದೆ ಎಂದು. ನಿಜ, ಬರಹವಿದೆ. ಆದರೆ ಆಟ ಇರುವುದು ಕಿವಿಯಲ್ಲಿ. ಅದರಲ್ಲೊಂದು ಉಳ್ಳಾಗಡ್ಡಿಯ ಮುಖದಿಂದ ಕೂದಲು ಕೀಳುವ ಆಟ: ಮೊದಲು ಕೂದಲು ಒಂದು ಲಯದಲ್ಲಿ ಮೊಳೆಯುತ್ತದೆ, ಅದೇ ಲಯದಲ್ಲಿ ನೀವು ಕೀಳಬೇಕು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವ, ತಬಲಾ ಕಲಿಯುವ ಹುಡುಗಿಯೊಬ್ಬಳು ಮೊದಲ ದಿನವೇ ಒಂದೂ ತಪ್ಪದೆ ಕಿತ್ತಳು. “ಕಾಕಾ, ಗುರುಗಳು ಬಾರಿಸಿ ತೋರಿಸಿದ ಮೇಲೆ ನಾವು ಬಾರಿಸುವುದೂ ಹೀಗೆಯೇ” ಎಂದಳು. ನಾನು ಮೂರು ವಾರ ಹೆಣಗಿ ದಾಟಿದ್ದನ್ನು ಅವಳು ಅರ್ಧ ತಾಸಿನಲ್ಲಿ ದಾಟಿದಳು. ಈ ಆಟವನ್ನು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ಆಡಿ ಬೈಯುವವರಿಗೆ ಒಂದು ಮಾತು: ಅಗ್ಗದ ಯಂತ್ರಗಳಲ್ಲಿ ಗುಂಡಿ ಒತ್ತಿದ್ದಕ್ಕೂ ಸದ್ದಿಗೂ ಕಣ್ಣಿಗೆ ಕಾಣದಷ್ಟು ಅಂತರವಿರುತ್ತದೆ, ಕಿವಿ ಅದನ್ನು ಕ್ಷಮಿಸುವುದಿಲ್ಲ. ಈ ಆಟಕ್ಕಾಗಿಯೇ ಎರಡು ಅಡ್ವಾನ್ಸ್‌ಗೆ ಬೆಳಕಿರುವ ಐಪಿಎಸ್ ಪರದೆ ಹಾಕಿದೆ, ಒಂದೊಂದಕ್ಕೆ 3,500ರ ಸುಮಾರು. ಮೂಲ ಪರದೆಗೆ ಬೆಳಕಿಲ್ಲ, ನಮ್ಮ ಟ್ಯೂಬ್‌ಲೈಟಿನಡಿ ಆಡುವವರ ಮುಖ ಮಾತ್ರ ಕಾಣುತ್ತದೆ.

‘ಕೊರೊಕೊರೊ ಕಿರ್ಬಿ’ಯಲ್ಲಿ ಕ್ಯಾಸೆಟ್ಟಿನೊಳಗೇ ಓಲುವಿಕೆ ಗುರುತಿಸುವ ಸಂವೇದಕವಿದೆ, ಯಂತ್ರವನ್ನೇ ವಾಲಿಸಿ ಆಡಬೇಕು. 2000ದ ಆಟ, ಇಂದಿನ ಮಕ್ಕಳಿಗೂ ಹೊಸದು. ಕುರ್ಚಿಯ ಜತೆ ತಾವೂ ವಾಲುತ್ತಾರೆ, ಆದ್ದರಿಂದ ಅದಕ್ಕೆ ಚಾಪೆ ಹಾಸಿದ್ದೇನೆ.

ನಡುವೆ ಜಾತ್ರೆಯ ಬ್ರಿಕ್ ಗೇಮ್‌ಗಳ ಹುಚ್ಚೂ ಹತ್ತಿತ್ತು. ಸಿದ್ಧಾರೂಢರ ಜಾತ್ರೆ, ಗದಗಿನ ತೋಂಟದಾರ್ಯ ಮಠದ ಜಾತ್ರೆಗಳಲ್ಲಿ ನಾವೆಲ್ಲ ಕೊಂಡ “9999 ಆಟ” ಎಂದು ಬರೆದ ಡಬ್ಬಿಗಳು. ಹಳೆಯವು ಹತ್ತೋ ಹನ್ನೊಂದೋ ಕೂಡಿಸಿದೆ. ಕೆಟ್ಟಿರುವುದು ಬಹುತೇಕ ಒಂದೇ ಕಡೆ, ಪರದೆಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿ ಜರುಗಿರುತ್ತದೆ. ಸ್ವಚ್ಛ ಮಾಡಿ, ಪಟ್ಟಿಯ ಹಿಂದೆ ದಪ್ಪ ಕಾಗದದ ಒಂದು ಪದರ ಕೊಟ್ಟು ಬಿಗಿದರೆ ಎದ್ದು ಕೂರುತ್ತದೆ. ಎಂಟು ಎದ್ದವು. ಆದಾಯವಿಲ್ಲ, ಆದರೆ ಮಕ್ಕಳನ್ನು ಕರೆತರುವ ಅಪ್ಪಂದಿರು ಅದನ್ನು ಹಿಡಿದುಕೊಂಡು ಅರ್ಧ ತಾಸು ಸುಮ್ಮನೆ ಕೂರುತ್ತಾರೆ. ಅದಕ್ಕೆ ದುಡ್ಡು ಕೇಳುವುದಿಲ್ಲ.

ಮೇಜಿನ ನಿಯಮ ಒಂದೇ, ಕೈ ತೊಳೆದು ಆಡಬೇಕು. ಪಕ್ಕದಲ್ಲೇ ಗಿರ್ಮಿಟ್ ಮಿರ್ಚಿಯ ಗಾಡಿಯಿದೆ. ಎಣ್ಣೆಗೈಯಲ್ಲಿ ಗುಂಡಿ ಮುಟ್ಟಿದರೆ ತಿಂಗಳೊಳಗೆ ಒಳಗಿನ ರಬ್ಬರ್ ಅಂಟುತ್ತದೆ. ಬಾಗಿಲಲ್ಲೇ ಸಾಬೂನು ಇಟ್ಟಿದ್ದೇನೆ.

ಈಗಿನ ಲೆಕ್ಕ: ಭಾನುವಾರ ಹತ್ತರಿಂದ ಎರಡರವರೆಗೆ, 25-28 ಜನ, ತಿಂಗಳಿಗೆ 3,000ದಷ್ಟು. ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ನಡೆದಿದೆ. ಒಟ್ಟು ಹಾಕಿದ್ದು 85,000ದ ಹತ್ತಿರ, ಮೇಜಿನಿಂದಲೇ ಬಹುಪಾಲು ಬಂದಿದೆ. ಇದನ್ನು ನೋಡಿ ಬೆಳಗಾವಿ, ದಾವಣಗೆರೆಯಿಂದ ಬರುವ ರಿಪೇರಿ ಕೆಲಸ ಬೇರೆ.

ಸೀರೆ ಅಂಗಡಿಯ ಹಿರಿಯರ ವಿಷಯ ಉಳಿಯಿತು. ಬೆಟಗೇರಿಯ ನೇಕಾರ ಮನೆತನದವರು. ಒಂದು ಮಳೆಗಾಲದ ಮಧ್ಯಾಹ್ನ ಗಿರಾಕಿಗಳಿಲ್ಲದೆ ಬಂದು ಕುಳಿತವರಿಗೆ ವಂಡರ್‌ಸ್ವಾನ್ ಕೊಟ್ಟೆ. 1999ರ ಬಂದಾಯಿ ಯಂತ್ರ, ಅಮೆರಿಕ ಯುರೋಪಿಗೆ ಹೋಗಲೇ ಇಲ್ಲ. ಒಂದೇ ಒಂದು ಸಾದಾ ಸೆಲ್‌ನಲ್ಲಿ ಮೂವತ್ತು ತಾಸು ಓಡುತ್ತದೆ. ಗೇಮ್ ಬಾಯ್ ರೂಪಿಸಿದ ಗುಂಪೇ ಯೊಕೊಯ್ ಅವರ ಕೊನೆಯ ಕೆಲಸಗಳಲ್ಲಿ ಇದೂ ಒಂದು. 1997ರಲ್ಲಿ ಅವರು ತೀರಿಕೊಂಡ ಮೇಲೆ ಯಂತ್ರ ಹೊರಬಂತು, ಜತೆಗೆ ಬಂದ ಆಟಕ್ಕೆ ಅವರದೇ ಹೆಸರು, ‘ಗುಂಪೇ’. ಯಂತ್ರವನ್ನು ಉದ್ದಕ್ಕೆ ಹಿಡಿದು, ಕೆಳಗಿನಿಂದ ಏರಿ ಬರುವ ಮುರುಕು ಗೆರೆಗಳನ್ನು ಮೇಲೆ ಕೆಳಗೆ ಸರಿಸುತ್ತ, ಎಡ ಅಂಚಿನಿಂದ ಬಲ ಅಂಚಿಗೆ ಕಡಿಯದ ಒಂದು ಗೆರೆ ಕೂಡಿಸಬೇಕು. ಹಿರಿಯರು ಕನ್ನಡಕ ಏರಿಸಿಕೊಂಡು ನೋಡಿ, “ಎಳೆ ಕಡಿಯಬಾರದು, ಅಷ್ಟೇ ತಾನೇ?” ಎಂದರು. ಚೀಟಿಯನ್ನೂ ಓದಲಿಲ್ಲ.

ಈಗ ಅಂಗಡಿ ಮುಚ್ಚಿದ ಮೇಲೆ ದಿನಾ ಕಾಲು ತಾಸು ಆಡಿಯೇ ಮನೆಗೆ ಹೋಗುತ್ತಾರೆ. ಮೇಜಿನ ‘ಗುಂಪೇ’ ದಾಖಲೆ ಅವರದೇ. ಮುಂದಿನ ಕಂತಿನಲ್ಲಿ ಎರಡನೆಯ ವಂಡರ್‌ಸ್ವಾನ್ ಬರುತ್ತಿದೆ, ಅದರ ಅರ್ಧ ದುಡ್ಡನ್ನು ಅವರೇ ಮುಂಗಡ ಕೊಟ್ಟಿದ್ದಾರೆ.