ಹಸುಗೂಸಿನ ಜೊತೆ ಘಾಟಿ ಇಳಿಯೋ ಮುಂಚೆ: ಏನು ಕಟ್ಟಿಕೊಳ್ಳಬೇಕು, ಕಾರಲ್ಲಿ ಎಲ್ಲಿಡಬೇಕು

ಮಗಳಿಗೆ ಆಗ 26 ದಿನ. ಹೆರಿಗೆ ಬೆಂಗಳೂರಲ್ಲಾಯಿತು, ಬಾಣಂತನಕ್ಕೆ ಪುತ್ತೂರಿನ ತವರಿಗೆ ಹೊರಟೆವು. ಗಂಡ ಡ್ರೈವಿಂಗ್, ಹಿಂದಿನ ಸೀಟಲ್ಲಿ ನಾನು, ಅಮ್ಮ, ನಡುವೆ ಪಾಪು. ಮೂರು ದಿನ ಕೂತು ಪಟ್ಟಿ ಮಾಡಿ ಪ್ಯಾಕ್ ಮಾಡಿದ್ದೆ, ಒಂದು ಸಾಮಾನೂ ಬಿಟ್ಟಿರಲಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಮಾರನಹಳ್ಳಿ ಹತ್ತಿರ ಲಾರಿಯೊಂದು ಅಡ್ಡ ಕೆಟ್ಟು ನಿಂತಿತ್ತು. ಹಿಂದೆ ಮುಂದೆ ಗಾಡಿ, ಮೇಲಿಂದ ಮಳೆ. ಸರಿಯಾಗಿ ಅದೇ ಹೊತ್ತಿಗೆ ಪಾಪು ಕಕ್ಕ ಮಾಡಿತು. ಸಣ್ಣಪುಟ್ಟದ್ದಲ್ಲ, ಡೈಪರ್ ದಾಟಿ ಬೆನ್ನು ಹತ್ತಿ ಕತ್ತಿನವರೆಗೆ.

ಡೈಪರ್, ಬಟ್ಟೆ, ವೈಪ್ಸ್ ಎಲ್ಲಾ ಇತ್ತು. ಡಿಕ್ಕಿಯಲ್ಲಿ. ಎರಡು ಸೂಟ್‌ಕೇಸ್, ಅದರ ಮೇಲೆ ಸ್ನಾನದ ಟಬ್, ಅದರ ಮೇಲೆ ಹಾಸಿಗೆ ಸುರುಳಿ, ಎಲ್ಲದರ ಅಡಿಗೆ ಆ ಬ್ಯಾಗು. ಗಂಡ ಮಳೆಯಲ್ಲಿ ನಿಂತು ಒಂದೊಂದೇ ಎಳೆಯುವಷ್ಟರಲ್ಲಿ ಅಮ್ಮ ತಮ್ಮ ಸೆರಗಲ್ಲೇ ಮಗುವನ್ನು ಒರೆಸಿ ಮುಗಿಸಿದ್ದರು. ಬ್ಯಾಗು ಕೈಗೆ ಬಂದಾಗ ಒಳಗಿನ ಬಟ್ಟೆ ಅರ್ಧ ಒದ್ದೆ.

ಹಾಗಾಗಿ ಈ ಬರಹದಲ್ಲಿ ಏನು ತರಬೇಕು ಅನ್ನೋದಕ್ಕಿಂತ ಎಲ್ಲಿಡಬೇಕು ಅನ್ನೋದೇ ಜಾಸ್ತಿ ಇರುತ್ತದೆ. ಡಿಕ್ಕಿಯಲ್ಲಿರುವ ಡೈಪರ್ ಮನೆಯಲ್ಲೇ ಬಿಟ್ಟು ಬಂದಂತೆ, ಅಷ್ಟೇ.

ಹೊರಡೋ ಮುಂಚೆ ಮಕ್ಕಳ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ. ಹುಟ್ಟಿದ ಮೇಲಿನ ಮೊದಲ ಚೆಕಪ್ ಆಗಿರಲಿ, ತೂಕ ಏರುತ್ತಿರಲಿ. ಅವಧಿಗೆ ಮುಂಚೆ ಹುಟ್ಟಿದ್ದರೆ ಅಥವಾ ತೂಕ ಕಡಿಮೆ ಇದ್ದರೆ ಕಾರ್ ಸೀಟಲ್ಲಿ ಎಷ್ಟು ಹೊತ್ತು ಮಲಗಿಸಬಹುದು ಅಂತ ಬಿಡಿಸಿ ಕೇಳಲೇಬೇಕು. ಅರೆ ಒರಗಿದ ಭಂಗಿಯಲ್ಲಿ ಅಂಥ ಮಕ್ಕಳ ಉಸಿರಾಟಕ್ಕೆ ತೊಂದರೆ ಆಗಬಹುದು. ಆರನೇ ವಾರದ ಚುಚ್ಚುಮದ್ದಿನ ಮಾರನೇ ದಿನ ಹೊರಡಬೇಡಿ, ಸಣ್ಣ ಜ್ವರ ಬರುವುದು ಸಾಮಾನ್ಯ. ಸಿಸೇರಿಯನ್ ಆಗಿದ್ದರೆ ನಿಮ್ಮ ಡಾಕ್ಟರನ್ನೂ ಕೇಳಿ. ಮಗುವಿನ ಗಲಾಟೆಯಲ್ಲಿ ತಾಯಿಯ ಹೊಲಿಗೆ ಯಾರಿಗೂ ನೆನಪಿರಲ್ಲ.

ಇನ್ನು ಕಾರ್ ಸೀಟ್. ನಮ್ಮ ಕಡೆ ಇದೇ ದೊಡ್ಡ ಜಗಳ ಅಲ್ವಾ. "ಆ ಪ್ಲಾಸ್ಟಿಕ್ ಬುಟ್ಟಿಗಿಂತ ನನ್ನ ತೊಡೆ ಮೆತ್ತಗಿಲ್ವಾ?" ಅಂದರು ಅಮ್ಮ. ಮೆತ್ತಗಿದೆ, ನಿಜ. ಆದರೆ ಜೋರಾಗಿ ಹೋಗುವ ಕಾರು ಏನಕ್ಕಾದರೂ ಗುದ್ದಿ ನಿಂತರೆ ನಾಲ್ಕು ಕೆಜಿ ಮಗು ಅದರ ಹತ್ತಾರು ಪಟ್ಟು ತೂಕದ ಹಾಗೆ ಮುಂದಕ್ಕೆ ಎಳೆಯುತ್ತದೆ. ಯಾವ ಅಜ್ಜಿಯ ಕೈಗೂ ಹಿಡಿಯೋಕಾಗಲ್ಲ. ಕಾನೂನೂ ಇದನ್ನೇ ಹೇಳುತ್ತದೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರ ಮಾಡದಿದ್ದರೆ 1000 ರೂಪಾಯಿ ದಂಡ. ಅಮ್ಮನಿಗೆ ಕಾನೂನು ಹೇಳಿ ಉಪಯೋಗ ಆಗಲಿಲ್ಲ. "ನೀನೇ ಪಕ್ಕದಲ್ಲಿ ಕೂತು ಕೈ ಇಟ್ಟುಕೋ" ಅಂದ ಮೇಲೆ ಒಪ್ಪಿದರು.

ಹುಟ್ಟಿದ ದಿನದಿಂದ ಬಳಸಬಹುದಾದ, ಮಗುವಿನ ಮುಖ ಕಾರಿನ ಹಿಂದಿನ ಗಾಜಿನ ಕಡೆ ಇರುವಂಥ ಸೀಟು ಬೇಕು. ಹಿಂದಿನ ಸೀಟಿಗೇ ಕಟ್ಟಬೇಕು. ಮುಂದಿನ ಸೀಟಲ್ಲಿ ಏರ್‌ಬ್ಯಾಗ್ ಇದ್ದರೆ ಅಲ್ಲಿ ಇಡಲೇಬಾರದು, ಅದು ಬಿಚ್ಚಿಕೊಂಡರೆ ಮಗುವಿನ ತಲೆಗೇ ಹೊಡೆತ. ಮಗುವಿನ ಗದ್ದ ಎದೆಗೆ ಅಂಟಬಾರದು, ಹಾಗೆ ಅಂಟಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಅದಕ್ಕೇ ಸೀಟಿನ ಪುಸ್ತಕದಲ್ಲಿ ಹೇಳಿದಷ್ಟೇ ಇಳಿಜಾರಾಗಿ ಕೂರಿಸಿ. ಬೆಲ್ಟು ಹೆಗಲಿನ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಬಿಗಿ ಸಾಕಾ ಅಂತ ನೋಡೋದು ಸುಲಭ: ಹೆಗಲ ಹತ್ತಿರ ಬೆಲ್ಟನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಹಿಡಿಯೋಕೆ ಸಿಕ್ಕರೆ ಇನ್ನೂ ಸಡಿಲ. ಬೆರಳು ಜಾರಿ ಹೋದರೆ ಸರಿ. ಸ್ವೆಟರ್, ದಪ್ಪ ಶಾಲು ಸುತ್ತಿ ಬೆಲ್ಟ್ ಹಾಕಬೇಡಿ, ಬಿಗಿಯಾಗಿದೆ ಅನ್ನಿಸುತ್ತದೆ, ಆಗಿರಲ್ಲ. ಬೆಲ್ಟ್ ಹಾಕಿ, ಆಮೇಲೆ ಮೇಲಿಂದ ಸೊಂಟದವರೆಗೆ ಬಟ್ಟೆ ಹೊದಿಸಿ. ಅಂಗಡಿಯಲ್ಲಿ ಬೇರೆಯಾಗಿ ಮಾರುವ ತಲೆದಿಂಬು, ಹತ್ತಿಯ ಉಂಗುರ ಯಾವುದೂ ಬೇಡ. ಸೀಟಿನ ಜೊತೆ ಬಂದದ್ದು ಸಾಕು.

ಇದನ್ನು ಹೊರಡುವ ದಿನ ಬೆಳಿಗ್ಗೆ ಐದು ಗಂಟೆಗೆ ಪಾರ್ಕಿಂಗಲ್ಲಿ ನಿಂತು ಮೊದಲ ಸಲ ಕಟ್ಟಬೇಡಿ. ವಾರದ ಮುಂಚೆ ಕಟ್ಟಿ, ಒಂದು ಸಲ ಏರಿಯಾದಲ್ಲೇ ಸುತ್ತು ಹಾಕಿ.

ಸಾಮಾನಿಗೆ ಬರೋಣ. ನಾನೀಗ ಮೂರು ಜಾಗ ಅಂತ ಲೆಕ್ಕ ಹಾಕುತ್ತೇನೆ: ಕೈಗೆ ಸಿಗುವುದು, ಕಾಲ ಬುಡದಲ್ಲಿರುವುದು, ಡಿಕ್ಕಿ. ಬೆಲ್ಟ್ ಬಿಚ್ಚದೆ ಕೈ ಚಾಚಿದರೆ ಸಿಗಬೇಕಾದ್ದು ಮೊದಲ ಬ್ಯಾಗು. ಅದರಲ್ಲಿ ಬಿಡಿಬಿಡಿ ಸಾಮಾನು ತುಂಬಬೇಡಿ, ಪೊಟ್ಟಣ ಕಟ್ಟಿ. ಒಂದು ಡೈಪರ್, ಅದರ ಮಡಿಕೆಯೊಳಗೆ ನಾಲ್ಕೈದು ವೈಪ್ಸ್ ಸಣ್ಣ ಕವರಲ್ಲಿ, ಒಂದು ಜಬಲಾ, ಒಂದು ಚಡ್ಡಿ, ಕೊಳಕು ತುಂಬೋಕೆ ಒಂದು ಖಾಲಿ ಕವರು, ಎಲ್ಲಾ ಸೇರಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು. ಇಂಥ ಆರು ಪೊಟ್ಟಣ. ಕತ್ತಲಲ್ಲಿ, ಅಳುವಿನ ನಡುವೆ, ಒಂದೇ ಕೈಯಲ್ಲಿ ಒಂದು ಪೊಟ್ಟಣ ಎಳೆದರೆ ಬೇಕಾದ್ದೆಲ್ಲಾ ಬಂತು. ಹುಡುಕಾಟವೇ ಇಲ್ಲ.

ಎಷ್ಟು ಡೈಪರ್? ಎರಡು ಗಂಟೆಗೊಂದು ಅಂತ ಲೆಕ್ಕ ಹಾಕಿ, ಬಂದ ಲೆಕ್ಕಕ್ಕೆ ಇನ್ನೊಂದು ಅಷ್ಟು ಸೇರಿಸಿ. ಸುಮ್ನೆ ಹೇಳುತ್ತಿಲ್ಲ. ಏಳು ಗಂಟೆಯಲ್ಲಿ ಮುಟ್ಟುತ್ತೇವೆ ಅಂದುಕೊಂಡ ನಮಗೆ ಹನ್ನೊಂದು ಗಂಟೆ ಹಿಡಿಯಿತು. ಮಳೆಗಾಲದಲ್ಲಂತೂ ಘಾಟಿಯನ್ನು ನಂಬಿ ಹೊರಡುವ ಹಾಗೇ ಇಲ್ಲ, 2018ರ ಆಗಸ್ಟಿನ ಮಳೆಗೆ ಶಿರಾಡಿ, ಸಂಪಾಜೆ ಎರಡೂ ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ನೆನಪಿರಬಹುದು. ಹೊರಡುವ ಬೆಳಿಗ್ಗೆ ಘಾಟಿ ತೆರೆದಿದೆಯಾ ಅಂತ ಆ ಕಡೆಯವರಿಗೆ ಒಂದು ಫೋನ್ ಮಾಡಿ.

ಆ ಬ್ಯಾಗಲ್ಲೇ ಒಂದು ರಬ್ಬರ್ ಶೀಟು, ಒಂದು ಥರ್ಮಾಮೀಟರ್, ಕೈಗೆ ಹಚ್ಚುವ ಸ್ಯಾನಿಟೈಸರ್ ಇರಲಿ. ಮತ್ತೆ ಹಳೇ ಪಂಚೆ ಹರಿದು ಮಾಡಿದ ತುಂಡುಗಳು, ಎಂಟು ಹತ್ತಾದರೂ. ಅಂಗಡಿಯಲ್ಲಿ ಕೊಂಡ ಚಂದದ ಟವೆಲ್‌ಗಳು ಮೂರು ಇದ್ದವು, ಒಂದೂ ನೀರು ಹೀರಲಿಲ್ಲ. ಅಪ್ಪನ ಹಳೇ ಪಂಚೆ ಹಾಲು ಕಕ್ಕಿದ್ದನ್ನು ಒರೆಸಿತು, ಹೆಗಲ ಮೇಲೆ ಬಿತ್ತು, ಕಿಟಕಿಗೆ ಪರದೆಯಾಯಿತು, ಕೊನೆಗೆ ಕಾರಿನ ಸೀಟನ್ನೂ ಒರೆಸಿತು.

ಹಾಲಿನ ವಿಷಯ. ತಾಯಿಹಾಲು ಕುಡಿಯುವ ಮಗುವಾದರೆ ಅರ್ಧ ಸಾಮಾನು ಉಳಿಯಿತು. ಆದರೆ ಓಡುವ ಕಾರಲ್ಲಿ ಸೀಟಿಂದ ತೆಗೆದು ಹಾಲು ಕೊಡಬೇಡಿ, ಎಷ್ಟೇ ಅತ್ತರೂ ಗಾಡಿ ನಿಲ್ಲಿಸಿ. ಹೇಗೂ ಎರಡು ಗಂಟೆಗೊಮ್ಮೆಯಾದರೂ, ಈ ವಯಸ್ಸಿಗೆ ಅದಕ್ಕಿಂತ ಬೇಗ ಬೇಗ, ಮಗುವನ್ನು ಸೀಟಿಂದ ಎತ್ತಿ ಸಪಾಟಾಗಿ ಮಲಗಿಸಲೇಬೇಕು. ಪೆಟ್ರೋಲ್ ಬಂಕಿನ ಮೂಲೆಯ ನೆರಳು ನನಗೆ ಹೋಟೆಲಿಗಿಂತ ಇಷ್ಟವಾಯಿತು, ಯಾರೂ ಬಂದು "ಆರ್ಡರ್?" ಅಂತ ನಿಲ್ಲಲ್ಲ. ಕಿಟಕಿಗೆ ಸಿಕ್ಕಿಸೋಕೆ ಬಟ್ಟೆ ಕ್ಲಿಪ್ ನಾಲ್ಕು ಇಟ್ಟುಕೊಳ್ಳಿ.

ಘಾಟಿಗೆ ಒಂದು ಉಪಾಯ. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಗುಂಡ್ಯದವರೆಗೆ ತಿರುವೇ ತಿರುವು. ಸಕಲೇಶಪುರದಲ್ಲೇ ಹಾಲು ಕುಡಿಸಿ, ತೇಗು ತೆಗೆಸಿ, ಇಪ್ಪತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಾಡಿ. ಆಮೇಲೆ ಇಳಿಯಿರಿ. ಕುಡಿಸಿದ ತಕ್ಷಣ ಸೀಟಿಗೆ ಹಾಕಿ ಮೊದಲ ತಿರುವು ತಿರುಗಿಸಿದರೆ ಕುಡಿದದ್ದೆಲ್ಲ ಬೆಲ್ಟಿನ ಮೇಲೆ.

ಹಿಂಡಿಟ್ಟ ಹಾಲಾದರೆ ಕೋಣೆಯ ಬಿಸಿಯಲ್ಲಿ ನಾಲ್ಕು ಗಂಟೆ, ಐಸ್ ಪ್ಯಾಕ್ ಇಟ್ಟ ದಪ್ಪ ಪೆಟ್ಟಿಗೆಯಲ್ಲಿ 24 ಗಂಟೆ ಇರುತ್ತದೆ. ಬಿಸಿಲಿಗೆ ನಿಂತ ಕಾರು ಕೋಣೆಯಲ್ಲ, ನೆನಪಿರಲಿ. ಪುಡಿ ಹಾಲಾದರೆ ಮನೆಯಲ್ಲಿ ಕಲಸಿ ತರಬೇಡಿ. ಕುದಿಸಿದ ನೀರು ಒಳ್ಳೆ ಫ್ಲಾಸ್ಕಲ್ಲಿ, ಅಳತೆಯ ಪುಡಿ ಒಣ ಡಬ್ಬಿಯಲ್ಲಿ, ಕುದಿಸಿ ತೊಳೆದ ಬಾಟಲಿ ಒಂದು ಹೊತ್ತಿಗೆ ಒಂದರಂತೆ. ನೀರು ಕನಿಷ್ಠ 70 ಡಿಗ್ರಿ ಇರುವಾಗಲೇ ಪುಡಿ ಹಾಕಬೇಕು, ಆಮೇಲೆ ಆರಿಸಿ ಮಣಿಕಟ್ಟಿಗೆ ಹನಿ ಬಿಟ್ಟು ನೋಡಿ ಕೊಡಿ. ಮಗು ಬಿಟ್ಟ ಹಾಲು ಚೆಲ್ಲಿ, ಮುಂದಿನ ಸ್ಟಾಪಿಗೆ ಅಂತ ಎತ್ತಿಡಬೇಡಿ. ಸೆಖೆ ಅಂತ ಮಗುವಿಗೆ ನೀರು ಕೊಡುವುದೂ ಬೇಡ, ಆರು ತಿಂಗಳವರೆಗೆ ಹಾಲೇ ನೀರು. ಹೊರಡುವಾಗ ಬಾಯಿಗೆ ಜೇನು ಸವರೋರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ನರಗಳಿಗೇ ವಿಷ ಏರಬಹುದು. ದೃಷ್ಟಿಬೊಟ್ಟು ಬೇಕಾದರೆ ಇಡಲಿ ಬಿಡಿ, ಪಾದಕ್ಕೆ.

ಬಟ್ಟೆಯಲ್ಲಿ ಎಲ್ಲರೂ ಎಡವುತ್ತಾರೆ. ನೆಲಮಂಗಲದಲ್ಲಿ ಬೆಳಗಿನ ಚಳಿ, ಹಾಸನದಲ್ಲಿ ಇನ್ನಷ್ಟು, ಗುಂಡ್ಯ ಇಳಿದರೆ ಬೆವರು. ಒಂದು ದಪ್ಪದ್ದರ ಬದಲು ತೆಳ್ಳನೆಯ ಹತ್ತಿ ಬಟ್ಟೆ ಎರಡು ಮೂರು ಪದರ ಹಾಕಿದರೆ ಒಂದೊಂದೇ ತೆಗೆಯಬಹುದು. ಕೈ ಕಾಲು ತಣ್ಣಗಿದೆ ಅಂತ ಗಾಬರಿಯಾಗಬೇಡಿ, ಈ ಮಕ್ಕಳಿಗೆ ಅದು ಹಾಗೇ. ಕತ್ತಿನ ಹಿಂದೆ ಎರಡು ಬೆರಳು ಇಟ್ಟು ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಕಾರಿನೊಳಗೆ ಕುಲಾವಿ ಬಿಚ್ಚಿ. ಎಸಿ ಹಾಕಬಹುದು, ಗಾಳಿ ನೇರ ಮುಖಕ್ಕೆ ಬೀಳದಿದ್ದರೆ ಸಾಕು. ನಿದ್ದೆ ಮಾಡುತ್ತಿದೆ, ಐದೇ ನಿಮಿಷ ಅಂತ ನಿಲ್ಲಿಸಿದ ಕಾರಲ್ಲಿ ಮಗುವೊಂದನ್ನೇ ಬಿಟ್ಟು ಹೋಗಲೇಬೇಡಿ.

ಕಾಲ ಬುಡದ ಬ್ಯಾಗು ತಾಯಿಯದು. ದೊಡ್ಡ ಪ್ಯಾಡುಗಳು, ಮುಂದೆ ಬಿಚ್ಚುವ ಒಂದು ಹೆಚ್ಚಿನ ನೈಟಿ ಅಥವಾ ಕುರ್ತಾ, ಐರನ್ ಮಾತ್ರೆ, ಕುಡಿಯೋಕೆ ಬಿಸಿನೀರು, ಎರಡು ಅಂಟಿನುಂಡೆ. ದಾರಿಯಲ್ಲಿ ಶೌಚಾಲಯ ಸರಿಯಿರಲ್ಲ ಅಂತ ನೀರೇ ಕುಡಿಯದೆ ಕೂರುವವರಿದ್ದಾರೆ, ನಾನೂ ಹಾಗೇ ಮಾಡಿ ಸಂಜೆಗೆ ತಲೆನೋವು ತಂದುಕೊಂಡೆ. ಹೊಲಿಗೆ ಇದ್ದರೆ ಹೊಟ್ಟೆಗೆ ಒಂದು ಸಣ್ಣ ದಿಂಬು ಒತ್ತಿಟ್ಟುಕೊಳ್ಳಿ, ಸೀಟ್ ಬೆಲ್ಟ್ ಅದರ ಕೆಳಗೆ ಸೊಂಟದ ಮೂಳೆಯ ಮೇಲೆ ಬರಲಿ. ನಿಲ್ಲಿಸಿದಲ್ಲೆಲ್ಲ ಐದು ನಿಮಿಷ ನಡೆಯಿರಿ, ಹೆರಿಗೆಯಾದ ಹೊಸದರಲ್ಲಿ ಕೂತಲ್ಲೇ ಕೂತರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ.

ಕಾಗದ ಪತ್ರ: ತಾಯಿ ಕಾರ್ಡ್, ಡಿಸ್ಚಾರ್ಜ್ ಸಮ್ಮರಿ. ಎರಡರದ್ದೂ ಫೋಟೋ ಇಬ್ಬರ ಫೋನಲ್ಲೂ ಇರಲಿ. ಘಾಟಿಯಲ್ಲಿ ಸಿಗ್ನಲ್ ಆಗಾಗ ಮಾಯ. ಅದಕ್ಕೇ ದಾರಿಯ ಆಸ್ಪತ್ರೆಗಳ ನಂಬರ್ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ, ಆಂಬುಲೆನ್ಸಿಗೆ 108. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್, ಮುಟ್ಟಿದರೆ ಪುತ್ತೂರು ತಲುಪಿ ನೋಡೋಣ ಅಂತ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಗಾಡಿ ತಿರುಗಿಸಿ. ಹಾಲು ಬಿಟ್ಟರೂ, ಎಬ್ಬಿಸಿದರೆ ಏಳದಿದ್ದರೂ ಅಷ್ಟೇ. ನಿಮ್ಮ ಡಾಕ್ಟರ್ ಬರೆದುಕೊಟ್ಟ ಔಷಧಿ ಬಿಟ್ಟು ಬೇರೇನೂ ಬ್ಯಾಗಿಗೆ ಬೇಡ, ಗ್ರೈಪ್ ವಾಟರೂ ಬೇಡ.

ಉಳಿದದ್ದೆಲ್ಲ ಡಿಕ್ಕಿಗೆ. ಕೊಡೆ ಥರ ಬಿಚ್ಚುವ ಸೊಳ್ಳೆಪರದೆ ಖಂಡಿತ ಬೇಕು, ಕರಾವಳಿಯ ಸೊಳ್ಳೆ ಗೊತ್ತಲ್ಲ, ಈ ವಯಸ್ಸಿಗೆ ಕ್ರೀಮ್ ಹಚ್ಚೋ ಹಾಗಿಲ್ಲ. ಸ್ನಾನದ ಟಬ್ ತಂದದ್ದು ದಂಡ, ಅಜ್ಜಿ ಕಾಲು ಚಾಚಿ ಕೂತು ಮೀಯಿಸುತ್ತಾರೆ. ಗೊಂಬೆ, ಪೌಡರ್, ಹನ್ನೆರಡು ಫ್ರಾಕು, ಸ್ಟೆರಿಲೈಸರ್ ಯಂತ್ರ ಯಾವುದೂ ಬೇಡ, ತವರಲ್ಲಿ ಪಾತ್ರೆ, ಒಲೆ ಇರುತ್ತದೆ. ಹಿಂದಿನ ಗಾಜಿನ ಹತ್ತಿರದ ಹಲಗೆ ಮೇಲೆ ಫ್ಲಾಸ್ಕ್, ಬಾಟಲಿ ಏನೂ ಇಡಬೇಡಿ, ಬ್ರೇಕ್ ಹಾಕಿದರೆ ಹಾರಿ ಬರುತ್ತದೆ.

ಡೈಪರನ್ನು ನ್ಯೂಬಾರ್ನ್ ಸೈಜಿನಲ್ಲಿ ದೊಡ್ಡ ಪ್ಯಾಕ್ ಕೊಳ್ಳಬೇಡಿ. ಬಾಣಂತನ ಮುಗಿಸಿ ವಾಪಸು ಹೊರಡುವಷ್ಟರಲ್ಲಿ ಅದು ತೊಡೆಗೇ ಹತ್ತಲ್ಲ. ಕಾರ್ ಸೀಟಿನ ಬೆಲ್ಟೂ ಆಗ ಒಂದು ತೂತು ಮೇಲೇರಬೇಕಾಗಬಹುದು, ಅದನ್ನು ಹಿಂದಿನ ದಿನವೇ ನೋಡಿಡಿ. ಹೊರಡುವ ಬೆಳಿಗ್ಗೆ ಅಮ್ಮ ಹಪ್ಪಳದ ಕಟ್ಟು, ತೆಂಗಿನಕಾಯಿ ಚೀಲ ಹಿಡಿದು ಕಾರಿನ ಹತ್ತಿರ ಬರುತ್ತಾರೆ. ಎಲ್ಲಾ ಡಿಕ್ಕಿಗೆ ಹಾಕಿಸಿ, ಪೊಟ್ಟಣದ ಬ್ಯಾಗಿನ ಜಾಗ ಮಾತ್ರ ಬಿಟ್ಟುಕೊಡಬೇಡಿ.